ವಚನ ಪಿತಾಮಹ ಫ.ಗು. ಹಳಕಟ್ಟಿ: ಒಬ್ಬ ಗೃಹಸ್ಥ ಶರಣರ ಕಾಯಕ

ಪ್ರತಿವರ್ಷ ಜುಲೈ 2ರಂದು ನಾಡಿನ ಮಠಮಾನ್ಯಗಳಲ್ಲಿ, ಶಾಲಾ ಕಾಲೇಜುಗಳಲ್ಲಿ, ಬಸವಪರ ಸಂಘಟನೆಗಳಲ್ಲಿ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜಯಂತಿ ನಡೆಯುತ್ತದೆ. ಕರ್ನಾಟಕ ಸರ್ಕಾರವು ಆ ದಿನವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ಭಾವಚಿತ್ರಕ್ಕೆ ಹೂಮಾಲೆ ಏರಿಸುತ್ತೇವೆ, ವಚನ ಗಾಯನ ಮಾಡುತ್ತೇವೆ, ಪ್ರಸಾದ ಸ್ವೀಕರಿಸಿ ಮನೆಗೆ ಮರಳುತ್ತೇವೆ. ಅಂದು ನಾವು ಹಾಡಿದ ವಚನವು ನಮ್ಮ ನಾಲಗೆಯವರೆಗೆ ಬಂದ ಬಗೆಯನ್ನು ಮಾತ್ರ ಬಹಳ ಮಂದಿ ಬಲ್ಲವರಲ್ಲ. ಹನ್ನೆರಡನೆಯ ಶತಮಾನದ ಶರಣರ ಬಾಯಿಂದ ಹೊರಟ ನುಡಿ ನೇರವಾಗಿ ನಮ್ಮ ಕೈಪುಸ್ತಕಕ್ಕೆ ಇಳಿದು ಬಂದಿಲ್ಲ. ನಡುವೆ ಒಂದು ಕಡೆ ದಾರಿ ಬಹುತೇಕ ಕಡಿದುಹೋಗಿತ್ತು. ಕಡಿದ ಆ ದಾರಿಯನ್ನು ಕೂಡಿಸಲು ಮುಂದೆ ಬಂದವರು ಯಾವ ಪೀಠವನ್ನೂ ಏರಿದವರಲ್ಲ, ಕಾವಿ ಧರಿಸಿದವರಲ್ಲ. ನ್ಯಾಯಾಲಯದಲ್ಲಿ ವಾದಿಸಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಸಂಸಾರಸ್ಥರು ಅವರು.

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥಗಳನ್ನು ಬರೆದವರು. ತಾಯಿ ದಾನಮ್ಮನವರು ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಲಿಂಗೈಕ್ಯರಾದರು. ಅಜ್ಜಿ ಬಸಮ್ಮನವರು ಮೊಮ್ಮಗನನ್ನು ಸಾಕಿ ಬೆಳೆಸಿದರು. ಫಕೀರಪ್ಪ ಎಂಬ ಹೆಸರು ಇಂದಿನ ಕೆಲವು ಕಿರಿಯರಿಗೆ ಸೋಜಿಗವೆನಿಸೀತು. ಶಿರಹಟ್ಟಿಯ ಫಕೀರೇಶ್ವರರ ಪ್ರಭಾವವಿರುವ ಆ ಸೀಮೆಯಲ್ಲಿ ಲಿಂಗಾಯತರ ಮನೆಗಳಲ್ಲಿ ಈ ಹೆಸರು ಸಹಜವಾದದ್ದು. ತಾಯಿಯಿಲ್ಲದ ಮನೆ, ಶಿಕ್ಷಕರ ಅಲ್ಪ ವೇತನ, ಮನೆ ತುಂಬ ಪುಸ್ತಕ. ಇವುಗಳ ನಡುವೆ ಬಾಲಕ ಫಕೀರಪ್ಪ ಬೆಳೆದನು.

ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿಗೆ ಸೇರಿದರು. ಅಲ್ಲಿ ವಿಜ್ಞಾನದ ಪದವಿ, ಅನಂತರ 1904ರಲ್ಲಿ ಕಾನೂನು ಪದವಿ ಪಡೆದರು. ಅಂದು ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆ ಪ್ರಾಂತದಲ್ಲಿ ಕನ್ನಡಕ್ಕೆ ಇದ್ದ ಸ್ಥಾನ ತೀರ ಹಿಂದಿನದು. ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ಭಾಷೆಯ ಏಳಿಗೆಗಾಗಿ ಪತ್ರಿಕೆ, ಸಂಘ, ಗ್ರಂಥಮಾಲೆಗಳನ್ನು ಕಟ್ಟುತ್ತಿದ್ದುದನ್ನು ಮುಂಬಯಿಯಲ್ಲಿ ಕಂಡ ಈ ತರುಣನಿಗೆ ತನ್ನ ನಾಡಿನ ಸ್ಥಿತಿ ನೆನೆದು ನಾಚಿಕೆಯಾಯಿತು. ಮುಂದೆ ಕರ್ನಾಟಕದ ಕುಲಪುರೋಹಿತರೆಂದು ಹೆಸರಾದ ಆಲೂರು ವೆಂಕಟರಾಯರ ಒಡನಾಟ ಅವರಿಗೆ ದೊರೆತದ್ದೂ ಅಲ್ಲಿಯೇ. ವಿಜ್ಞಾನದ ಅಭ್ಯಾಸ ಮತ್ತು ಕಾನೂನಿನ ಅಭ್ಯಾಸ ಎರಡೂ ಮುಂದೆ ಅವರ ಕೆಲಸಕ್ಕೆ ಒದಗಿದವೆಂದು ನನ್ನ ಅಭಿಪ್ರಾಯ. ಸಾಕ್ಷ್ಯವಿಲ್ಲದ ಮಾತನ್ನು ಒಪ್ಪದಿರುವ ಗುಣ, ಒಂದು ಪ್ರತಿಯನ್ನು ಇನ್ನೊಂದು ಪ್ರತಿಯೊಡನೆ ಇಟ್ಟು ತೂಗಿ ನೋಡುವ ತಾಳ್ಮೆ, ಸಿಕ್ಕಿದ್ದನ್ನೆಲ್ಲ ವರ್ಗೀಕರಿಸಿ ಇಡುವ ಅಚ್ಚುಕಟ್ಟುತನ ಅವರ ಬರಹಗಳಲ್ಲಿ ಎದ್ದು ಕಾಣುತ್ತವೆ.

ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿ ಮಾಡಿ ಅವರು ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಬಂದು ನೆಲೆಸಿದರು. ವಕೀಲಿ ಕೈಹಿಡಿಯಿತು. ಕ್ರಮೇಣ ಸರ್ಕಾರಿ ವಕೀಲರಾಗಿ ನೇಮಕಗೊಂಡರು. ಮನೆ, ಮಾನ, ಹಣ ಎಲ್ಲವೂ ಒದಗಿ ಬರುವ ಕಾಲವದು. ಅವರ ಜೊತೆಯಲ್ಲಿ ಕಾನೂನು ಓದಿದ ಎಷ್ಟೋ ಮಂದಿ ಅಷ್ಟಕ್ಕೆ ತೃಪ್ತರಾಗಿ ಬಾಳಿದರು. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಬಿಜಾಪುರ ಜಿಲ್ಲೆಯ ಬದುಕು ಅವರನ್ನು ಸುಮ್ಮನೆ ಕೂಡಗೊಡಲಿಲ್ಲ. ಅದು ಮಳೆ ಕೊರೆಯಾದ ನಾಡು. ಅವರು ಹುಟ್ಟುವುದಕ್ಕೆ ಎರಡೇ ವರ್ಷ ಹಿಂದೆ ಮುಗಿದಿದ್ದ 1876-78ರ ಮಹಾಬರದ ನೆನಪು ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿತ್ತು. ಒಕ್ಕಲಿಗನು ಬಿತ್ತನೆಗೆ ಸಾಲ ಮಾಡಬೇಕು, ಬೆಳೆದ ಹತ್ತಿಯನ್ನು ಸಾಲ ಕೊಟ್ಟವನಿಗೇ ಅವನು ಹೇಳಿದ ಬೆಲೆಗೆ ಒಪ್ಪಿಸಬೇಕು. ಹೊಲ ಸಾಹುಕಾರನ ಪಾಲಾದ ಮೇಲೆ ಆ ವ್ಯಾಜ್ಯ ಕಾಗದದ ಕಟ್ಟಾಗಿ ವಕೀಲರ ಮೇಜಿಗೆ ಬರುತ್ತಿತ್ತು. ಬೇರೆ ವಕೀಲರು ಅದರಲ್ಲಿ ಕಕ್ಷಿದಾರನನ್ನು ಕಂಡರು. ಹಳಕಟ್ಟಿಯವರು ಆ ಕಟ್ಟಿನ ಹಿಂದೆ ಓದುಬರಹ ಬಾರದೆ ಹೆಬ್ಬೆಟ್ಟು ಒತ್ತಿದ ತಮ್ಮ ಸಮಾಜದ ಮನುಷ್ಯನನ್ನು ಕಂಡರು.

ಅವರು ಮೊದಲು ಕೈಗೆತ್ತಿಕೊಂಡದ್ದು ವಿದ್ಯೆ. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಇಂದು ಬಿ.ಎಲ್.ಡಿ.ಇ. ಎಂದು ನಾಡಿನಾಚೆಗೂ ಹೆಸರಾಗಿರುವ ಸಂಸ್ಥೆ ಅದೇ. ಮುಂದೆ ಬಂಥನಾಳದ ಸಂಗನಬಸವ ಶಿವಯೋಗಿಗಳು ಅದನ್ನು ತಮ್ಮ ತಪಸ್ಸಿನ ಬಲದಿಂದ ಬೆಳೆಸಿದರು. ಗೃಹಸ್ಥರು ನೆಟ್ಟ ಸಸಿಗೆ ಜಂಗಮರು ನೀರೆರೆದ ಈ ಉದಾಹರಣೆಯನ್ನು ನಮ್ಮ ಸಮಾಜದ ಇತಿಹಾಸ ಬರೆಯುವವರು ಸಾಕಷ್ಟು ಗಮನಿಸಿಲ್ಲ. ವಿದ್ಯೆಯ ಬೆನ್ನಿಗೇ ಹಣದ ಪ್ರಶ್ನೆ ಬಂತು. ಸಹಕಾರಿ ಸಂಘಗಳ ಕಾನೂನು ಭಾರತದಲ್ಲಿ ಜಾರಿಗೆ ಬಂದದ್ದು 1904ರಲ್ಲಿ, ಅವರು ಕಾನೂನು ಪದವಿ ಪಡೆದ ವರ್ಷವೇ. ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಮೊದಲ ಕೃಷಿ ಸಹಕಾರಿ ಸಂಘವನ್ನು ಆರಂಭಿಸಿ ದಾರಿ ತೋರಿದ್ದರು. ಹಳಕಟ್ಟಿಯವರು 1912ರಲ್ಲಿ ಬಿಜಾಪುರದಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ತೆರೆದರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮ ಶಿವಯೋಗಿಗಳ ಹೆಸರು ಒಂದು ಬ್ಯಾಂಕಿಗೆ ಬಂದದ್ದು ಸರಿಯಾಗಿಯೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಊರ ಜನ ಕೂಡಿ ಕೆರೆಗೆ ಮಣ್ಣು ಹೊತ್ತರು; ಇಪ್ಪತ್ತನೆಯ ಶತಮಾನದಲ್ಲಿ ಊರ ಜನ ಕೂಡಿ ಠೇವಣಿ ಇಟ್ಟರು.

ರೈತರ ಹತ್ತಿಗೆ ನ್ಯಾಯವಾದ ಬೆಲೆ ಸಿಗುವಂತೆ ಮಾಡಲು, ಒಕ್ಕಲುತನದ ಸುಧಾರಣೆಗೆ ಸಹಕಾರಿ ಸಂಘಗಳನ್ನು ಕಟ್ಟಲು ಅವರು ಓಡಾಡಿದರು. ನಗರಸಭೆಯಲ್ಲಿದ್ದಾಗ ಬಿಜಾಪುರದ ಕುಡಿಯುವ ನೀರಿನ ಕೊರತೆ ನೀಗಲು ಭೂತನಾಳ ಕೆರೆಯ ಕಾರ್ಯದಲ್ಲಿ ಮುತುವರ್ಜಿ ವಹಿಸಿದರು. 1920ರ ದಶಕದ ಆರಂಭದಲ್ಲಿ ಮುಂಬಯಿ ಶಾಸನ ಸಭೆಯ ಸದಸ್ಯರೂ ಆಗಿದ್ದರು. ಇಷ್ಟೇ ಮಾಡಿದ್ದರೂ ಜಿಲ್ಲೆಯ ಗಣ್ಯರ ಪಟ್ಟಿಯಲ್ಲಿ ಅವರ ಹೆಸರು ಉಳಿಯುತ್ತಿತ್ತು. ಈ ನಾಡಿನ ಮನೆಮನೆಗೆ ಅವರ ಹೆಸರನ್ನು ಮುಟ್ಟಿಸಿದ್ದು ಮಾತ್ರ ಬೇರೊಂದು ಕೆಲಸ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಇನ್ನೂ ವಿದ್ಯಾರ್ಥಿ ದೆಸೆ ಪೂರ್ತಿ ಮುಗಿಯದ ಕಾಲದಲ್ಲಿ, ಭಕ್ತರ ಮನೆಯೊಂದರಲ್ಲಿ ಅವರು ತಾಡವೋಲೆಯ ಕಟ್ಟುಗಳನ್ನು ಕಂಡರು. ಪ್ರಭುದೇವರ ವಚನಗಳು ಮತ್ತು ಷಟ್‌ಸ್ಥಲ ತಿಲಕ ಅವುಗಳಲ್ಲಿದ್ದವು. ಅಂಥ ಸರಳ ಗದ್ಯ, ಅಷ್ಟು ಆಳದ ಅನುಭಾವ, ಅದೂ ಕನ್ನಡದಲ್ಲಿ! ಇದನ್ನು ಓದದೆ ತಮ್ಮ ಸಮಾಜ ಹೇಗೆ ಬದುಕಿತು ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಆ ಹಿಡಿತ ಮುಂದಿನ ಅರವತ್ತು ವರ್ಷ ಸಡಿಲಲಿಲ್ಲ.

ಅಂದಿನ ಸ್ಥಿತಿಯನ್ನು ನಾವು ಸರಿಯಾಗಿ ಅರಿಯಬೇಕು. ವಚನಗಳ ಹೆಸರನ್ನು ಎಲ್ಲರೂ ಬಲ್ಲರು, ಕೆಲವು ವಚನಗಳು ಜನರ ಬಾಯಲ್ಲಿದ್ದವು, ಅಲ್ಲೊಂದು ಇಲ್ಲೊಂದು ಚಿಕ್ಕ ಸಂಕಲನ ಅಚ್ಚಾಗಿಯೂ ಇತ್ತು. ಉಳಿದದ್ದೆಲ್ಲ ಓಲೆಗರಿಯಲ್ಲಿ ಮಲಗಿತ್ತು. ಆ ಓಲೆಗಳು ಎಲ್ಲಿದ್ದವು? ಮಠಗಳ ಅಟ್ಟದಲ್ಲಿ, ಗೌಡ ದೇಸಾಯಿಗಳ ವಾಡೆಗಳಲ್ಲಿ, ಬಡ ಜಂಗಮರ ಮನೆಯ ದೇವರ ಜಗಲಿಯಲ್ಲಿ. ದಪ್ಪ ಹಲಗೆಗಳ ನಡುವೆ ದಾರ ಪೋಣಿಸಿ ಕಟ್ಟಿದ ಕಟ್ಟಿಗೆ ಭಕ್ತರು ನಿತ್ಯ ವಿಭೂತಿ ಧರಿಸಿ, ಪತ್ರಿ ಏರಿಸಿ, ಊದಿನಕಡ್ಡಿ ಬೆಳಗಿ ಕೈ ಮುಗಿಯುತ್ತಿದ್ದರು. ಬಿಚ್ಚಿ ಓದುವವರಿರಲಿಲ್ಲ. ಈ ಪೂಜ್ಯಭಾವವೇ ಓಲೆಗಳನ್ನು ಶತಮಾನಗಳ ಕಾಲ ಉಳಿಸಿತು ಎಂಬುದೂ ನಿಜ. ಅದೇ ಭಾವ ಅವುಗಳನ್ನು ಬಾಯಿ ಕಟ್ಟಿ ಕೂಡಿಸಿತು ಎಂಬುದೂ ನಿಜ. ನಿತ್ಯದ ಧೂಪದ ಹೊಗೆ, ಮಳೆಗಾಲದ ತೇವ, ಗೆದ್ದಲು, ಇಲಿ ತಮ್ಮ ಪಾಲಿನ ಕೆಲಸ ಮಾಡುತ್ತಲೇ ಇದ್ದವು. ತೀರ ಜೀರ್ಣವಾದವನ್ನು ಹೊಳೆಗೆ ಬಿಡುವುದು ಪುಣ್ಯದ ಕೆಲಸವೆಂಬ ನಂಬಿಕೆಯೂ ಇತ್ತು. ಶರಣರು ಯಾವುದನ್ನು ಅರಿವು ಎಂದರೋ ಅದನ್ನೇ ನಾವು ಕುರುಹಾಗಿ ಮಾಡಿ ಕೂತಿದ್ದೆವು. ಮಠದ ಸೇವೆಯಲ್ಲಿರುವವನಾಗಿ ಇದನ್ನು ಬರೆಯಲು ನನಗೆ ಸಂಕೋಚವಿಲ್ಲ: ನಮ್ಮ ಮಠಗಳೂ ಆ ಕಾಲದಲ್ಲಿ ಈ ದೋಷದಿಂದ ಹೊರತಾಗಿರಲಿಲ್ಲ.

ಹಳಕಟ್ಟಿಯವರು ಊರೂರು ತಿರುಗಿದರು. ನ್ಯಾಯಾಲಯಕ್ಕೆ ರಜೆ ಬಂದರೆ ಅವರಿಗೆ ಓಲೆ ಅರಸುವ ಕಾಯಕ. ಎಲ್ಲ ಕಡೆಯೂ ಬಾಗಿಲು ತೆರೆಯಲಿಲ್ಲ. ಪೂಜೆಯ ಕಟ್ಟನ್ನು ಹೊರಗೆ ಕೊಟ್ಟರೆ ಮನೆಗೆ ಕೇಡು ಎಂದು ಹೆದರಿದವರಿದ್ದರು, ಪರರ ಕೈ ಸೋಕಬಾರದೆಂದವರಿದ್ದರು. ಅಂಥವರ ಮುಂದೆ ಸರ್ಕಾರಿ ವಕೀಲರ ಠೀವಿ ನಡೆಯದು. ಕಾದು ಕುಳಿತು, ಮನವೊಲಿಸಿ, ಕೊಡಲೊಲ್ಲದಿದ್ದರೆ ಅಲ್ಲಿಯೇ ಕುಳಿತು ನಕಲು ಮಾಡಿ ತರಬೇಕು. ವರ್ಷಗಳ ಅಲೆದಾಟದಲ್ಲಿ ಅವರು ಸಾವಿರದಷ್ಟು ಓಲೆಕಟ್ಟುಗಳನ್ನು ಕೂಡಿಸಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ.

ಕೂಡಿಸಿದ ಮೇಲೆ ಓದುವ ಕಷ್ಟ. ತಾಡವೋಲೆಯನ್ನು ಓದುವುದೆಂದರೆ ಪುಸ್ತಕ ಓದಿದಂತಲ್ಲ. ಕಂಟದಿಂದ ಕೊರೆದ ಅಕ್ಷರ ಕಣ್ಣಿಗೆ ಕಾಣಬೇಕಾದರೆ ಗರಿಯ ಮೇಲೆ ಕಾಡಿಗೆ ಸವರಬೇಕು. ಪದಗಳ ನಡುವೆ ತೆರಪಿಲ್ಲ, ವಾಕ್ಯ ಮುಗಿದದ್ದಕ್ಕೆ ಗುರುತಿಲ್ಲ, ಎಕಾರ ಒಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ನಕಲು ಮಾಡಿದವನು ಒಂದು ಅಕ್ಷರ ತಪ್ಪಿದರೆ ಅನಂತರದ ನಾಲ್ಕು ತಲೆಮಾರು ಅದನ್ನೇ ಉಳಿಸಿಕೊಂಡು ಬಂದಿರುತ್ತದೆ. ಗರಿ ಮುರಿದ ಕಡೆ ವಚನ ಅರ್ಧಕ್ಕೇ ನಿಲ್ಲುತ್ತದೆ. ಒಂದು ವಚನ ಯಾರದೆಂದು ತಿಳಿಯಲು ಅಂಕಿತವೇ ಆಧಾರ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಎಲ್ಲರಿಗೂ ಗೊತ್ತು. ಆದರೆ ಎಂದೂ ಕೇಳಿರದ ಅಂಕಿತವೊಂದು ಓಲೆಯಲ್ಲಿ ಸಿಕ್ಕರೆ? ಅದರ ಹಿಂದೆ ಮರೆತುಹೋದ ಒಬ್ಬ ಶರಣನೋ ಶರಣೆಯೋ ನಿಂತಿರುತ್ತಾರೆ. ಅವರ ಹೆಸರು, ಊರು, ಕಾಯಕಗಳನ್ನು ಬೇರೆ ಪುರಾಣ ಕಾವ್ಯಗಳಿಂದ ಹುಡುಕಿ ಹೊಂದಿಸಬೇಕು. ಹಳಕಟ್ಟಿಯವರು ಈ ಕೆಲಸಕ್ಕೆ ತೊಡಗುವ ಮೊದಲು ಐವತ್ತರಷ್ಟು ವಚನಕಾರರ ಹೆಸರು ಮಾತ್ರ ಬಳಕೆಯಲ್ಲಿತ್ತು. ಅವರ ಶೋಧನೆಯಿಂದ ಆ ಸಂಖ್ಯೆ ಇನ್ನೂರೈವತ್ತರವರೆಗೆ ಏರಿತು. ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಮಡಿವಾಳರು, ಚಮ್ಮಾರರು, ನೂಲುವ ಹೆಣ್ಣುಮಕ್ಕಳು ಎಂಟು ಶತಮಾನದ ಬಳಿಕ ಮತ್ತೆ ತಮ್ಮ ಹೆಸರಿನಿಂದಲೇ ಮಾತನಾಡತೊಡಗಿದರು. ಬಸವಾದಿ ಪ್ರಮಥರ ಅನುಭವ ಮಂಟಪದಲ್ಲಿ ಯಾರು ಯಾರು ಇದ್ದರೆಂದು ಇಂದು ನಾವು ಧೈರ್ಯದಿಂದ ಹೇಳುತ್ತೇವಲ್ಲ, ಆ ಧೈರ್ಯಕ್ಕೆ ಬುನಾದಿ ಈ ಹುಡುಕಾಟ.

ಓದಿ, ವರ್ಗೀಕರಿಸಿ ಸಿದ್ಧಗೊಳಿಸಿದ ಹಸ್ತಪ್ರತಿಗೆ ಅವರು ವಚನಶಾಸ್ತ್ರಸಾರ ಎಂದು ಹೆಸರಿಟ್ಟರು. ಸಿಕ್ಕ ಸಿಕ್ಕ ವಚನಗಳನ್ನು ಒಂದರ ಮೇಲೊಂದು ಪೇರಿಸಿದ ಗ್ರಂಥ ಅದಲ್ಲ. ತತ್ತ್ವವನ್ನು ಹಿಡಿದು, ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಸಾಧಕನು ಏರುವ ಮೆಟ್ಟಿಲುಗಳನ್ನು ಅನುಸರಿಸಿ, ಬೇರೆ ಬೇರೆ ಶರಣರ ಮಾತುಗಳನ್ನು ಒಂದೆಡೆ ಜೋಡಿಸಿದ ಗ್ರಂಥ. ವಚನಗಳಲ್ಲಿ ಒಂದು ಶಾಸ್ತ್ರವೇ ಅಡಗಿದೆ, ಅದಕ್ಕೆ ಸಂಸ್ಕೃತದ ಊರುಗೋಲು ಬೇಡ ಎಂಬ ನಿಲುವು ಆ ಹೆಸರಿನಲ್ಲೇ ಇದೆ. ಹೀಗೆ ತತ್ತ್ವದ ಚೌಕಟ್ಟಿಗೆ ವಚನಗಳನ್ನು ಹೊಂದಿಸಿದ್ದರಿಂದ ಒಬ್ಬೊಬ್ಬ ವಚನಕಾರರ ವ್ಯಕ್ತಿತ್ವ ಮರೆಯಾಗುತ್ತದೆಂದು ಅನಂತರದ ಕೆಲವು ವಿದ್ವಾಂಸರು ಆಕ್ಷೇಪಿಸಿದ್ದುಂಟು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಆಕ್ಷೇಪಿಸುವವರ ಕೈಯಲ್ಲಿದ್ದ ವಚನಗಳನ್ನು ಅವರ ಕೈಗೆ ಇಟ್ಟವರು ಯಾರೆಂಬುದನ್ನೂ ನೆನೆಯಬೇಕು.

ಹಸ್ತಪ್ರತಿ ಸಿದ್ಧವಾಯಿತು, ಅಚ್ಚು ಮಾಡುವವರು ಬೇಕಲ್ಲ? ಕನ್ನಡದ ಮುದ್ರಣಕ್ಕೆ ಹೆಸರಾಗಿದ್ದುದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ. ಹಳಕಟ್ಟಿಯವರು ಐದುನೂರು ರೂಪಾಯಿ ಮುಂಗಡದೊಂದಿಗೆ ಹಸ್ತಪ್ರತಿಯನ್ನು ಅಲ್ಲಿಗೆ ಕಳಿಸಿದರು. ಆ ಕಾಲದ ಐದುನೂರು ರೂಪಾಯಿ ಸಣ್ಣ ಮೊತ್ತವಲ್ಲ. ಸ್ವಲ್ಪ ಕಾಲದ ಮೇಲೆ ಹಸ್ತಪ್ರತಿಯೂ ಹಣವೂ ಹಾಗೆಯೇ ಹಿಂದಿರುಗಿ ಬಂದವು. ಕ್ರೈಸ್ತ ಧರ್ಮಪ್ರಸಾರಕ್ಕೆಂದು ನಿಂತ ಮುದ್ರಣಾಲಯಕ್ಕೆ ಏಕದೇವನಿಷ್ಠೆಯನ್ನು ಅಷ್ಟು ತೇಜಸ್ಸಿನಿಂದ ಸಾರುವ ಈ ಗ್ರಂಥ ಒಗ್ಗಲಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಇದನ್ನು ನೆಪ ಮಾಡಿಕೊಂಡು ಆ ಮಿಷನ್ನಿನವರನ್ನು ಹಳಿಯುವುದು ನ್ಯಾಯವಲ್ಲ. ಕನ್ನಡ ನಿಘಂಟಿನ ಕಿಟೆಲ್ ಅವರು ಬಂದದ್ದೂ ಅದೇ ಮಿಷನ್ನಿನಿಂದ. ಹಳಕಟ್ಟಿಯವರು ದೂರುತ್ತ ಕೂಡಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದದ್ದು. ಅವರು ಬೆಳಗಾವಿಯ ಮಹಾವೀರ ಮುದ್ರಣಾಲಯವನ್ನು ಹಿಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಲ್ಲಿಂದ ಹೊರಬಂತು. ಜೈನ ತೀರ್ಥಂಕರರ ಹೆಸರು ಹೊತ್ತ ಅಚ್ಚುಕೂಟದಲ್ಲಿ ಶರಣರ ಮಾತು ಅಚ್ಚಾಯಿತು. ಈ ನಾಡಿನ ಧರ್ಮಗಳ ನೆರೆಹೊರೆ ಇರುವುದೇ ಹೀಗೆ. ಅದರ ಹಿಂದಿನ ವರ್ಷವೇ, 1922ರಲ್ಲಿ, ಅವರು ಮಾಡಿದ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟವಾಗಿ ಹೊರಗಿನ ವಿದ್ವಾಂಸರ ಕಣ್ಣಿಗೂ ಬಿದ್ದಿತ್ತು.

ಒಂದು ಗ್ರಂಥ ಅಚ್ಚಾಯಿತು. ಕಪಾಟಿನಲ್ಲಿ ಇನ್ನೂ ನೂರಾರು ಕಟ್ಟುಗಳಿದ್ದವು. ಪ್ರತಿಯೊಂದಕ್ಕೂ ಬೇರೆಯವರ ಬಾಗಿಲು ತಟ್ಟುತ್ತ ಹೋದರೆ ಒಂದು ಜನ್ಮ ಸಾಲದು. ಹಳಕಟ್ಟಿಯವರು ಆಗ ತೆಗೆದುಕೊಂಡ ನಿರ್ಧಾರವನ್ನು ಇಂದಿನ ಸಂಸಾರಸ್ಥರು ಯಾರೂ ಸುಲಭವಾಗಿ ತೆಗೆದುಕೊಳ್ಳಲಾರರು. ಅವರು ತಮ್ಮ ಸ್ವಂತ ಮನೆಯನ್ನು ಮಾರಿದರು. ಆ ಹಣದಿಂದ 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಸರ್ಕಾರಿ ವಕೀಲರು, ಶಾಸನ ಸಭೆಯಲ್ಲಿ ಕುಳಿತು ಬಂದವರು, ಬಾಡಿಗೆ ಮನೆಗೆ ಹೊರಟರು. ಪತ್ನಿ ಭಾಗೀರಥಿಯವರ ಹೆಸರನ್ನು ಈ ಸಂದರ್ಭದಲ್ಲಿ ಸ್ಮರಿಸದಿದ್ದರೆ ಅಪಚಾರವಾದೀತು. ಮನೆ ಮಾರಿದ್ದು ಯಜಮಾನರ ತ್ಯಾಗವೆಂದು ಚರಿತ್ರೆ ಬರೆಯುತ್ತದೆ. ಮಾರಿದ ಮನೆಯಿಂದ ಒಲೆ ಕಿತ್ತು ಇನ್ನೊಂದೆಡೆ ಹೂಡಿದವರು, ಬಂದ ಅತಿಥಿಗಳಿಗೆ ಇದ್ದುದರಲ್ಲಿ ಪ್ರಸಾದ ನೀಡಿದವರು ಮನೆಯ ತಾಯಿ.

ಮುದ್ರಣಾಲಯ ಬಂದ ಮರುವರ್ಷ, 1926ರಲ್ಲಿ, ಶಿವಾನುಭವ ಪತ್ರಿಕೆ ಆರಂಭವಾಯಿತು. 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. ಮೊದಲನೆಯದು ವಚನ ಸಾಹಿತ್ಯ, ಶರಣ ಚರಿತ್ರೆ, ತತ್ತ್ವಗಳಿಗೆ. ಎರಡನೆಯದು ನಾಡಿನ ಸುದ್ದಿ, ಕನ್ನಡದ ಕೆಲಸ, ಏಕೀಕರಣದ ವಿಚಾರಗಳಿಗೆ. ಪತ್ರಿಕೆ ನಡೆಸುವುದೆಂದರೆ ಲೇಖನ ಬರೆಯುವುದಷ್ಟೇ ಅಲ್ಲ. ಅಚ್ಚುಮೊಳೆ ಒಂದೊಂದನ್ನೇ ಆಯ್ದು ಸಾಲು ಜೋಡಿಸಬೇಕು, ಕರಡು ತಿದ್ದಬೇಕು, ಕಾಗದಕ್ಕೆ ಹಣ ಹೊಂದಿಸಬೇಕು, ಅಚ್ಚಾದ ಹಾಳೆ ಮಡಿಸಿ ವಿಳಾಸ ಬರೆದು ಅಂಚೆಗೆ ಹಾಕಬೇಕು, ಚಂದಾ ಬಾಕಿ ಉಳಿಸಿಕೊಂಡವರಿಗೆ ಪತ್ರ ಬರೆಯಬೇಕು. ಹಳಕಟ್ಟಿಯವರು ಇದರಲ್ಲಿ ಯಾವುದನ್ನೂ ತಮ್ಮ ಅಂತಸ್ತಿಗೆ ಕಡಿಮೆಯೆಂದು ಬಗೆಯಲಿಲ್ಲ. ಶಿವಾನುಭವವು ಮೂರು ದಶಕಕ್ಕೂ ಮಿಕ್ಕಿ ನಡೆಯಿತು. ಹರಿಹರನ ರಗಳೆಗಳು, ಶೂನ್ಯಸಂಪಾದನೆ, ಅನೇಕ ಶರಣರ ವಚನ ಸಂಪುಟಗಳು, ಶರಣ ಚರಿತ್ರೆಗಳು ಒಂದಾದ ಮೇಲೊಂದು ಹೊರಬಂದವು. ವಚನಶಾಸ್ತ್ರಸಾರದ ಮುಂದಿನ ಭಾಗಗಳೂ ಬಂದವು. ಒಂದು ವಿಶ್ವವಿದ್ಯಾಲಯ ಹತ್ತು ಹಲವು ಜನರನ್ನು ಇಟ್ಟುಕೊಂಡು ಮಾಡಬೇಕಾದ ಕೆಲಸ ಒಂದು ಬಾಡಿಗೆ ಮನೆಯಲ್ಲಿ ನಡೆಯಿತು.

ಅವರ ಬಡತನದ ವಿಷಯವಾಗಿ ವಿಜಯಪುರದ ಹಿರಿಯರು ಅನೇಕ ಸಂಗತಿಗಳನ್ನು ಹೇಳುತ್ತಿದ್ದರು. ತೇಪೆ ಹಾಕಿದ ಕೋಟು, ಹಳೆಯ ಸೈಕಲ್ಲು ಅವರ ಗುರುತಾಗಿದ್ದವು. ವಕೀಲಿಯಿಂದ ಬಂದದ್ದು ಅಚ್ಚಿಗೆ, ಅಚ್ಚಿನಿಂದ ಬಂದದ್ದು ಮುಂದಿನ ಅಚ್ಚಿಗೆ. ಅದೂ ಸಾಲದಾದಾಗ ಸಾಲ. ಇಲ್ಲೊಂದು ವಿಚಿತ್ರವಿದೆ. ಊರಿಗೆ ಬ್ಯಾಂಕು ಕಟ್ಟಿ ಸಾವಿರಾರು ಜನರನ್ನು ಸಾಹುಕಾರರ ಸಾಲದಿಂದ ಬಿಡಿಸಲು ಹೊರಟವರು ತಾವು ಮಾತ್ರ ಸಾಲದ ಭಾರ ಹೊತ್ತೇ ಬದುಕಿದರು. ತಾವು ಕಟ್ಟಿದ ಸಂಸ್ಥೆಗಳಿಂದ ತಮಗಾಗಿ ಏನನ್ನೂ ಬಯಸಲಿಲ್ಲ. ಇದು ಲೆಕ್ಕ ಬಾರದವರ ಅವ್ಯವಸ್ಥೆಯಲ್ಲ. ಬ್ಯಾಂಕು ನಡೆಸಿದವರಿಗೆ ಲೆಕ್ಕ ಬಾರದೆ? ಎಲ್ಲಿ ಲೆಕ್ಕ ಇಡಬೇಕು, ಎಲ್ಲಿ ಇಡಬಾರದು ಎಂಬ ವಿವೇಕ ಅವರಲ್ಲಿತ್ತು. ಸಮಾಜದ ಹಣದ ಪ್ರತಿ ಪೈಗೂ ಲೆಕ್ಕ, ತಾವು ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ದಾನವೂ ಅಲ್ಲ, ದಾಸೋಹ. ದಾನ ಮಾಡಿದವನಿಗೆ ಕೊಟ್ಟೆನೆಂಬ ನೆನಪು ಉಳಿಯುತ್ತದೆ.

ಗೌರವಗಳು ತಡವಾಗಿಯಾದರೂ ಬಂದವು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಬ್ರಿಟಿಷ್ ಸರ್ಕಾರ ರಾವ್ ಬಹದ್ದೂರ್ ಪದವಿ ನೀಡಿತು. ವಿದ್ವಜ್ಜನರು ಗೋಳಗುಮ್ಮಟದ ಊರಿನ ಈ ಹಿರಿಯರನ್ನು ವಚನ ಗುಮ್ಮಟವೆಂದು ಕರೆದರು. ಭಕ್ತಸಮೂಹ ವಚನ ಪಿತಾಮಹರೆಂದಿತು. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಕನ್ನಡ ನಾಡು ಒಂದಾದದ್ದೂ ಅದೇ ವರ್ಷ. ಯೌವನದಲ್ಲಿ ಮುಂಬಯಿಯಲ್ಲಿ ಕಂಡ ಕನಸು ಎಪ್ಪತ್ತಾರನೆಯ ವಯಸ್ಸಿನಲ್ಲಿ ಕಣ್ಣೆದುರು ನನಸಾದದ್ದು ಅವರಿಗೆ ಪದವಿಗಿಂತ ಹೆಚ್ಚಿನ ಸಂತೋಷ ಕೊಟ್ಟಿರಬೇಕು.

ಅವರ ಬದುಕಿನ ಬಗೆಯನ್ನು ನೋಡಿದಾಗ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಅವರು ಯಾವ ದೊಡ್ಡ ಯೋಜನೆಯನ್ನೂ ಘೋಷಿಸಿ ಹೊರಟವರಲ್ಲ. ಓಲೆ ಸಿಕ್ಕಿತು, ಓದಿದರು. ಓದಿದ್ದನ್ನು ಹಂಚಬೇಕೆನಿಸಿತು, ಬರೆದರು. ಬರೆದದ್ದನ್ನು ಅಚ್ಚು ಮಾಡುವವರಿಲ್ಲ, ತಾವೇ ಅಚ್ಚುಕೂಟ ತೆರೆದರು. ಅಚ್ಚಾದದ್ದನ್ನು ಓದಲು ಜನರಿಗೆ ಅಕ್ಷರ ಬೇಕು. ಅದಕ್ಕಾಗಿ ಶಿಕ್ಷಣ ಸಂಸ್ಥೆ ಮೊದಲೇ ಕಟ್ಟಿಯಾಗಿತ್ತು. ಇದನ್ನು ಮಠಗಳು ಮಾಡಬೇಕು, ಸರ್ಕಾರ ಮಾಡಬೇಕು, ಸಿರಿವಂತರು ಮಾಡಬೇಕು ಎಂದು ಸಭೆಗಳಲ್ಲಿ ಹೇಳಿ ಕುಳಿತುಕೊಳ್ಳಲು ಅವರಿಗೆ ಎಲ್ಲ ಅವಕಾಶವೂ ಇತ್ತು. ಅವರ ಮಾತಿಗೆ ತೂಕವೂ ಇತ್ತು. ಆದರೆ ಕಾಯಕ ಎಂಬ ಮಾತನ್ನು ಓಲೆಯಲ್ಲಿ ಓದಿದ ಮೇಲೆ ಇನ್ನೊಬ್ಬರಿಗೆ ಅದನ್ನು ಒಪ್ಪಿಸುವುದು ಅವರಿಂದ ಆಗಲಿಲ್ಲ. ಅವರ ಶಿವಭಕ್ತಿ ತೋರಿಕೆಯದಲ್ಲ. ನಿತ್ಯ ಇಷ್ಟಲಿಂಗಾರ್ಚನೆ ಮಾಡಿ ಕರಡು ತಿದ್ದಲು ಕೂಡುತ್ತಿದ್ದ ಅವರಿಗೆ ಎರಡೂ ಒಂದೇ ಪೂಜೆಯ ಎರಡು ಅಂಗವಾಗಿದ್ದವು.

ಇಂದು ಸ್ಥಿತಿ ಬದಲಾಗಿದೆ. 1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಆಶ್ರಯದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನಾ ಕೇಂದ್ರವು ಅವರ ಕೆಲಸವನ್ನು ಮುಂದುವರಿಸುತ್ತಿದೆ. ಆದರೂ ಹಳ್ಳಿಗಳ ಹಳೆಯ ಮನೆಗಳಲ್ಲಿ, ಶಾಖಾ ಮಠಗಳ ಪೆಟ್ಟಿಗೆಗಳಲ್ಲಿ ಇನ್ನೂ ಓಲೆಕಟ್ಟುಗಳಿವೆ. ಮನೆ ಕೆಡವಿ ಹೊಸದು ಕಟ್ಟಿಸುವಾಗ ಅವು ಮಣ್ಣಿನೊಂದಿಗೆ ಹೊರಬೀಳುತ್ತವೆ. ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು: ಅಂಥ ಕಟ್ಟು ನಿಮ್ಮಲ್ಲಿದ್ದರೆ ಅದನ್ನು ಹೊಳೆಗೆ ಬಿಡಬೇಡಿರಿ, ಹಳೆಯ ಸಾಮಾನಿನವರಿಗೆ ಕೊಡಬೇಡಿರಿ, ಎಣ್ಣೆ ಅರಿಸಿನ ಹಚ್ಚಬೇಡಿರಿ. ದಾರ ಬಿಚ್ಚದೆ ಒಣ ಬಟ್ಟೆಯಲ್ಲಿ ಸುತ್ತಿಟ್ಟು ಓದಬಲ್ಲವರಿಗೆ, ಇಲ್ಲವೆ ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ, ತೋರಿಸಿರಿ. ಕೊಡಲು ಮನಸ್ಸಿಲ್ಲದಿದ್ದರೆ ಛಾಯಾಚಿತ್ರ ತೆಗೆಯಲಾದರೂ ಬಿಡಿರಿ. ಮನೆಯಲ್ಲಿ ಕುಳಿತು ನಕಲು ಮಾಡಿಕೊಂಡು ಹೋಗಬೇಕಾಗಿದ್ದ ಕಾಲ ಈಗಿಲ್ಲ, ಅರ್ಧ ತಾಸಿನಲ್ಲಿ ಕೆಲಸ ಮುಗಿಯುತ್ತದೆ.

ಕೊನೆಯ ವರ್ಷಗಳಲ್ಲಿ ಹಳಕಟ್ಟಿಯವರ ದೇಹ ಸೋತಿತ್ತು, ಓಲೆಯ ಸಣ್ಣ ಅಕ್ಷರಗಳ ಮೇಲೆ ಬಗ್ಗಿ ಬಗ್ಗಿ ಕಣ್ಣುಗಳು ದಣಿದಿದ್ದವು. 1964ರ ಜೂನ್ 29ರಂದು, ಎಂಬತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ಮೂರು ದಿನ ಮಾತ್ರ ಉಳಿದಿರುವಾಗ, ಅವರು ವಿಜಯಪುರದಲ್ಲಿ ಲಿಂಗೈಕ್ಯರಾದರು. ಹಿಂದೆ ಬಿಟ್ಟುಹೋದ ಆಸ್ತಿಯೆಂದರೆ ಓಲೆಕಟ್ಟುಗಳು, ಅಚ್ಚಾದ ಪುಸ್ತಕಗಳು, ಇನ್ನೂ ಅಚ್ಚಾಗಬೇಕಿದ್ದ ಬರಹದ ಹಾಳೆಗಳು.